ದಾದಿ ಹೋದಾ

ಬೀದರಿನ ಒಂದು ಸರಕಾರಿ ಹೈಸ್ಕೂಲಿನಲ್ಲಿ ಹದಿನಾಲ್ಕು ವರ್ಷದಿಂದ ಕನ್ನಡ ಕಲಿಸುತ್ತಿರುವ ಶಾಹಿದ ಮಾಸ್ತರರು ದಸರಾ ರಜೆಯ ಮೊದಲ ದಿನ ಚಹಾದ ಬಸಿಯನ್ನು ಕೆಳಗಿಟ್ಟು ಒಂದು ಭೀಷ್ಮಪ್ರತಿಜ್ಞೆ ಮಾಡಿದರು. ರಜೆ ಮುಗಿಯುವುದರೊಳಗೆ ಮಗಳ ನಾಲಿಗೆಯನ್ನು ತಿದ್ದಿ, ತೀಡಿ, ತಿಕ್ಕಿ ಬೆಳಗಿ, ಅಕ್ಷರಗಳು ಮುತ್ತಿನ ಹಾಗೆ ಉದುರುವಂತೆ ಮಾಡದಿದ್ದರೆ ತಾವು ಕನ್ನಡ ಮಾಸ್ತರರೇ ಅಲ್ಲ.

ಅವರ ಹೆಂಡತಿ ಜೇಬಾ ರೊಟ್ಟಿ ಬಡಿಯುತ್ತಿದ್ದಳು. ಪ್ರತಿಜ್ಞೆ ಪೂರ್ತಿ ಮುಗಿಯಲೆಂದು ಕಾದು, ಆಮೇಲೆ ಹೇಳಿದಳು.

"ನಾಲಿಗಿ ಆಮ್ಯಾಲ ತಿದ್ದೀರಂತ. ಮೊದಲು ಕೂಸಿನ ಮೂಗು ಡಾಕ್ಟರಿಗಿ ತೋರಸ್ರಿ."

ಕೂಸಿಗೆ ಆರು ವರ್ಷ. ಶಾಲೆಯ ಹಾಜರಿಯಲ್ಲಿ ಅಲ್ಫಿಯಾ, ಮನೆಯಲ್ಲಿ ಗುಡಿಯಾ. ಹೆಸರಿಗೆ ತಕ್ಕ ಹಾಗೆ ಗೊಂಬೆಯೇ; ಆದರೆ ಸದಾ ಬಾಯಿ ತೆರೆದುಕೊಂಡಿರುವ ಗೊಂಬೆ. ಉಸಿರಾಡುವುದು ಬಾಯಿಂದ, ಮಲಗಿದರೆ ಗೊರಕೆ. ಮೂರು ಸಲ ಕರೆದರೆ ನಾಲ್ಕನೆಯ ಸಲಕ್ಕೆ ತಿರುಗಿ ನೋಡುತ್ತಾಳೆಂದು ಶಾಲೆಯ ಟೀಚರು ಎರಡು ಬಾರಿ ಹೇಳಿ ಕಳಿಸಿದ್ದರು. ಮಾಸ್ತರರ ಹತ್ತಿರ ಒಂದೊಂದಕ್ಕೂ ಒಂದೊಂದು ಕಾರಣ ಸಿದ್ಧವಿತ್ತು. ಬಾಯಿ ತೆರೆದಿರುವುದು ಕೆಟ್ಟ ಚಟ. ಗೊರಕೆ ಆಟ ಆಡಿದ ಆಯಾಸ. ಕರೆದರೆ ತಿರುಗದಿರುವುದು ಹಟ. ಅದು ಭಾಲ್ಕಿಯ ಬೀಗರ ಕಡೆಯಿಂದ ಬಂದದ್ದು. ಇನ್ನು ಮಾತು ತೊದಲುವುದು ನಾಲಿಗೆಯ ಸೋಮಾರಿತನ. ನಾಲಿಗೆಯ ಸೋಮಾರಿತನಕ್ಕೆ ಡಾಕ್ಟರು ಯಾಕೆ, ಮಾಸ್ತರರೇ ಮನೆಯಲ್ಲಿರುವಾಗ?

ತರಬೇತಿ ಶುರುವಾಯಿತು. ಮಗಳನ್ನು ಕನ್ನಡಿಯ ಮುಂದೆ ಕೂಡಿಸಿ, ನಾಲಿಗೆಯ ಮೇಲೊಂದು ಕಲ್ಲುಸಕ್ಕರೆ ಇಟ್ಟು, ಮಾಸ್ತರರು ತರಗತಿಯ ಕೊನೆಯ ಬೆಂಚಿಗೆ ಕೇಳಿಸುವ ದನಿಯಲ್ಲಿ ಹೇಳಿಕೊಟ್ಟರು: "ನಾನು ಮನೆಗೆ ಹೋಗುತ್ತೇನೆ."

ಗುಡಿಯಾ ಅಷ್ಟೇ ಶ್ರದ್ಧೆಯಿಂದ ಹೇಳಿದಳು: "ದಾದು ಬದೆಗೆ ಹೋಗುತ್ತೇದೆ."

ಮಾಸ್ತರರು ಪದ ಬಿಡಿಸಿದರು, ಅಕ್ಷರ ಬಿಡಿಸಿದರು. 'ಮ' ಎಂದರೆ 'ಬ' ಬಂತು, 'ನ' ಎಂದರೆ 'ದ' ಬಂತು. ಕಲ್ಲುಸಕ್ಕರೆ ಮಾತ್ರ ಸರಿಯಾಗಿ ಕರಗುತ್ತಿತ್ತು. ಎರಡನೆಯ ದಿನ ಬಾಯಿ ಮುಚ್ಚಿಸುವ ಅಭ್ಯಾಸ. ತುಟಿ ಕೂಡಿಸಿ ಇಪ್ಪತ್ತು ಎಣಿಸುವ ತನಕ ಕೂಡಬೇಕು. ಐದಕ್ಕೆ ಮಗಳ ಮುಖ ಕೆಂಪಾಯಿತು, ಏಳಕ್ಕೆ ಕಣ್ಣು ದೊಡ್ಡವಾದವು, ಎಂಟಕ್ಕೆ 'ಹಾ' ಎಂದು ಬಾಯಿ ತೆರೆದು ಬಿಕ್ಕತೊಡಗಿದಳು. ಹಟವೆಂದರೆ ಇದು ಎಂದು ಮಾಸ್ತರರು ಹೆಂಡತಿಗೆ ತೋರಿಸಿದರು. ಹೆಂಡತಿ ಹಿಟ್ಟಿನ ಕೈಯಲ್ಲೇ ಬಂದು ಮಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಜೇಬಾ ಭಾಲ್ಕಿಗೆ ಹೊರಟಳು. ಅವಳ ತಮ್ಮ ಮಕ್ಬೂಲನ ನಿಶ್ಚಿತಾರ್ಥವಿತ್ತು. ಬಟ್ಟೆ ಬರೆ ಖರೀದಿಗೆ ತಾಯಿಗೆ ಜೊತೆ ಬೇಕು. ಮಗಳನ್ನೂ ಕರೆದೊಯ್ಯುತ್ತೇನೆಂದರೆ ಮಾಸ್ತರರು ತರಬೇತಿ ಅರ್ಧಕ್ಕೆ ನಿಲ್ಲುತ್ತದೆಂದು ಬಿಡಲಿಲ್ಲ. ಹಾಗಾದರೆ ಶನಿವಾರ ನೀವೇ ಕರೆತನ್ನಿ ಎಂದು ಹೇಳಿ ಅವಳು ಬಸ್ಸು ಹತ್ತಿದಳು.

ಶನಿವಾರ ಬೆಳಿಗ್ಗೆ ಮಾಸ್ತರರು, ಮಕ್ಕಳಿಗೂ ಒಂದು ಅಭಿಪ್ರಾಯ ಇರುತ್ತದೆಂದು ನಂಬಿದವರಾದ್ದರಿಂದ, ಮಗಳನ್ನು ಕೇಳಿದರು: "ರಜಾದಾಗ ಎಲ್ಲಿ ಹೋಗ್ತಿ ಬೇಟಾ?"

"ದಾದಿ ಬದಿಗಿ," ಎಂದಳು ಗುಡಿಯಾ.

'ಬದಿ' ಎಂದರೆ 'ಮನಿ' ಎಂದು ಮಾಸ್ತರರಿಗೆ ಮೂರು ದಿನದ ಪಾಠದಿಂದ ತಿಳಿದಿತ್ತು. ತಟ್ಟನೆ ತಿದ್ದಿಕೊಂಡರು. ಆದರೆ ಪಕ್ಕದ ಪದವನ್ನು ಮಾತ್ರ ಹಾಗೇ ಬಿಟ್ಟರು, ಏಕೆಂದರೆ ಅದು ಕಿವಿಗೆ ಹಿತವಾಗಿತ್ತು. ದಾದಿ ಎಂದರೆ ತಂದೆಯ ತಾಯಿ, ಔರಾದಿನಲ್ಲಿರುವ ತಮ್ಮ ಅಮ್ಮ ಮಹಮೂದಾ ಬೇಗಂ. ಭಾಲ್ಕಿಯ ಅಜ್ಜಿಯಾಗಿದ್ದರೆ ನಾನಿ ಅನ್ನಬೇಕಿತ್ತು. ಹುಡುಗಿ ನಾನಿ ಅನ್ನಲಿಲ್ಲ, ದಾದಿ ಅಂದಳು. ರಕ್ತ ಎಂದರೆ ರಕ್ತ! ಮಾಸ್ತರರು ಭಾಲ್ಕಿಯ ಬಸ್ಸು ಬಿಟ್ಟು ಔರಾದಿನ ಬಸ್ಸು ಹತ್ತಿದರು.

ಮೊಮ್ಮಗಳು ತನ್ನನ್ನೇ ಬಯಸಿ ಬಂದಳೆಂದು ಕೇಳಿ ಮಹಮೂದಾ ಬೇಗಂ ಅವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಾಸ್ತರರು ಮರುದಿನ ಬೀದರಿನಲ್ಲಿ ರಾಜ್ಯೋತ್ಸವ ನಿಮಿತ್ತದ ಶುದ್ಧ ಉಚ್ಚಾರಣೆಯ ಸ್ಪರ್ಧೆಗೆ ತೀರ್ಪುಗಾರರಾಗಬೇಕಿತ್ತು; ಚಹಾ ಕುಡಿದು ಅವಸರದಲ್ಲಿ ಹೊರಟುಹೋದರು. ತಂದೆ ಅತ್ತ ಹೋದದ್ದೇ ತಡ, ಗುಡಿಯಾ ಮನೆಯೆಲ್ಲ ಹುಡುಕಿ ನೋಡಿ, ಬೇಕಾದವರು ಇಲ್ಲಿಲ್ಲವೆಂದು ತಿಳಿದು ಅಳಲು ಶುರುಮಾಡಿದಳು.

"ದಾದಿ ಹೋದಾ! ದಾದಿ ಹೋದಾ!"

ಈ ಕಡೆಯ ಉರ್ದುವಿನಲ್ಲಿ 'ಹೋನಾ' ಎಂದರೆ ಬೇಕು. ಮೊಮ್ಮಗಳು 'ಹೋನಾ' ಅನ್ನುವುದಕ್ಕೆ 'ಹೋದಾ' ಅನ್ನುತ್ತಿದ್ದಾಳೆಂದು ಮಹಮೂದಾ ಬೇಗಂ ಕೂಡಲೇ ತಿದ್ದಿಕೊಂಡರು. ದಾದಿ ಬೇಕು, ದಾದಿ ಬೇಕು ಎಂದು ದಾದಿಯ ತೊಡೆಯ ಮೇಲೆ ಕೂತು ಯಾಕೆ ಅಳುತ್ತಾಳೆ ಎಂಬುದು ಮಾತ್ರ ತಿಳಿಯಲಿಲ್ಲ. ಪ್ರೀತಿ ಉಕ್ಕಿದಾಗ ಹೀಗೂ ಆಗುತ್ತದೇನೋ ಎಂದುಕೊಂಡು, ಆ ಅಳುವನ್ನು ಮೊಬೈಲಿನಲ್ಲಿ ಹಿಡಿದು, ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರು.

ಅದನ್ನು ಭಾಲ್ಕಿಯಲ್ಲಿ ನಾನಿ ಖುರ್ಷೀದ ಬೇಗಂ ಕೇಳಿದರು. ಕೇಳಿ, ಕೈಯಲ್ಲಿದ್ದ ನಿಶ್ಚಿತಾರ್ಥದ ಸೀರೆಯನ್ನು ಪಕ್ಕಕ್ಕೆ ಸರಿಸಿ ಮುಸುಕೆಳೆದು ಕೂತರು. ಎರಡು ವರ್ಷದಿಂದ ಆ ಹುಡುಗಿ ತಮ್ಮನ್ನೂ ದಾದಿ ಅಂತಲೇ ಕರೆಯುತ್ತಾಳೆ, ನಾನಿ ಎಂಬ ಪದವನ್ನೇ ಮರೆಸಿದವರು ಯಾರೆಂದು ತಮಗೆ ಗೊತ್ತು, ಔರಾದಿನ ಹೆಂಗಸು ಬಲು ಜಾಣೆ ಎಂದು ಬೀಗತಿಯ ಮೇಲೆ ಇನ್ನೂ ಏನೇನೋ ಅಂದರು. ಜೇಬಾ ಗಂಡನಿಗೆ ಫೋನು ಮಾಡಿ, ಮಗಳು ನಾನಿ ಅಂದಿರಬೇಕು, ನಿಮಗೆ ಹಾಗೆ ಕೇಳಿಸಿರಬೇಕು ಎಂದಳು. ಮಾಸ್ತರರಿಗೆ ಸಿಟ್ಟು ಬಂತು.

"ದಾದಿ ಅಂತ ಸ್ಪಷ್ಟ ಅಂದಾಳ. ಅಕ್ಷರದ ವಿಷಯ ನನಗ ಬಿಡು."

ಭಾನುವಾರ ಮಧ್ಯಾಹ್ನ ಮಹಮೂದಾ ಬೇಗಂ ಊಟ ಮಾಡಿ ಹಾಗೇ ಚಾಪೆಯ ಮೇಲೆ ಒರಗಿದರು. ಹಿಂದಿನ ರಾತ್ರಿ ಅವರು ಒಂದು ಗಳಿಗೆಯೂ ಕಣ್ಣು ಮುಚ್ಚಿರಲಿಲ್ಲ. ನೊಣದ ಕಾಟಕ್ಕೆ ಬಿಳಿಯ ಚಾದರವನ್ನು ತಲೆಯಿಂದ ಕಾಲಿನವರೆಗೆ ಎಳೆದುಕೊಂಡದ್ದೇ, ಕಲ್ಲಿನ ಹಾಗೆ ನಿದ್ದೆ ಹೋದರು. ಗುಡಿಯಾ ಹೊರಗೆ ಬಂದು ಬಾಗಿಲ ಮೆಟ್ಟಿಲ ಮೇಲೆ ಕೂತು ಮತ್ತೆ ಶುರುಮಾಡಿದಳು.

ಎದುರಿಗೆ ಧೊಂಡಿಬಾನ ಕಿರಾಣಿ ಅಂಗಡಿ. ಧೊಂಡಿಬಾ ಒಳ್ಳೆಯ ಮನುಷ್ಯ. ಗಲ್ಲಿಯಲ್ಲಿ ಯಾರಿಗೆ ಏನೇ ಆದರೂ ಮೊದಲು ಓಡಿ ಬರುವವನು. ಮನೆಯಲ್ಲಿ ಮರಾಠಿ, ಅಂಗಡಿಯಲ್ಲಿ ಕನ್ನಡ. ಕೂಸು ಅಳುವುದನ್ನು ಕಂಡು ಬಂದು, ಯಾಕೆ ಅಳುತ್ತಿ ಎಂದು ಕನ್ನಡದಲ್ಲೇ ಕೇಳಿದ.

"ದಾದಿ ಹೋದಾ..."

ಧೊಂಡಿಬಾನ ಕಿವಿಗೆ ಅದು ಕನ್ನಡವಾಗಿಯೇ ಬಿತ್ತು. ದಾದಿ ಹೋದರೇ? ಎಲ್ಲಿಗೆ ಹೋದರು ಎಂದು ಬಗ್ಗಿ ಕೇಳಿದ. ಗುಡಿಯಾ, ಭಾಲ್ಕಿಯ ಬಸ್ಸು ಬರುವುದು ಆ ಕಡೆಯಿಂದ ಎಂದು ತಿಳಿದವಳಾದ್ದರಿಂದ, ಮನೆಗಳ ಮಾಳಿಗೆಯ ಮೇಲಿಂದ ದೂರಕ್ಕೆ ಬೆರಳು ತೋರಿಸಿದಳು. ಬೆರಳಿನ ತುದಿಯಲ್ಲಿ ಧೊಂಡಿಬಾನಿಗೆ ಕಂಡದ್ದು ಆಕಾಶ.

ಅವನು ಹೊಸ್ತಿಲ ಹೊರಗೆ ನಿಂತು ಒಳಗೆ ಇಣುಕಿದ. ಬಿಳಿಯ ಚಾದರ ಕಂಡಿತು. ಮೂರು ಸಲ ಕೂಗಿದ, ಚಾದರ ಅಲುಗಲಿಲ್ಲ. ಕಣ್ಣೊರೆಸಿಕೊಂಡು ಮಾಸ್ತರರಿಗೆ ಫೋನು ಹಚ್ಚಿದ.

ಬೀದರಿನ ಸಭಾಂಗಣದಲ್ಲಿ ಒಬ್ಬ ಹುಡುಗಿ 'ಳ'ಕಾರ 'ಲ'ಕಾರಗಳ ವ್ಯತ್ಯಾಸವನ್ನು ಅಮೋಘವಾಗಿ ಉಚ್ಚರಿಸುತ್ತಿದ್ದಳು. ಮಾಸ್ತರರು ಅಂಕದ ಹಾಳೆಯ ಮೇಲೆ ಪೆನ್ನು ಇಟ್ಟು ಫೋನು ಎತ್ತಿದರು.

"ಮಾಸ್ತರ, ಧೈರ್ಯ ತಗೋರಿ. ಅಮ್ಮಾ ಹೋದರ್ರಿ. ನಿಮ್ಮ ಕೂಸೇ ಹೇಳಿತು."

ಮಾಸ್ತರರು ತಾಯಿಯ ನಂಬರಿಗೆ ಮೇಲಿಂದ ಮೇಲೆ ಕರೆ ಮಾಡಿದರು. ಎತ್ತುವವರಿಲ್ಲ. ಇತ್ತ ಒಳಗೆ ಫೋನು ಬಡಿದುಕೊಳ್ಳುತ್ತಿದ್ದರೂ ಮಹಮೂದಾ ಬೇಗಂ ಏಳದ್ದನ್ನು ಕಂಡು ಧೊಂಡಿಬಾನಿಗೆ ಉಳಿದಿದ್ದ ಅಷ್ಟಿಷ್ಟು ಸಂಶಯವೂ ಹೋಯಿತು. ಮಾಸ್ತರರು ಹೆಂಡತಿಗೆ ಫೋನಿನಲ್ಲಿ ಎರಡು ಮಾತು ಹೇಳಿ, ಗೆಳೆಯರೊಬ್ಬರ ಬೈಕಿನ ಹಿಂದೆ ಕೂತು ಔರಾದಿನ ದಾರಿ ಹಿಡಿದರು. ದಾರಿಯುದ್ದಕ್ಕೂ ಅವರಿಗೆ ನೆನಪಾದದ್ದು ಒಂದೇ: ನಿನ್ನೆ ಅಮ್ಮ ಊಟ ಮಾಡಿಕೊಂಡು ಹೋಗು ಅಂದಿದ್ದಳು, ನಾನು ಬರೀ ಚಹಾ ಕುಡಿದು ಎದ್ದಿದ್ದೆ.

ಅವರು ಬರುವ ಹೊತ್ತಿಗೆ ಗಲ್ಲಿ ತುಂಬಿತ್ತು. ಬಾಗಿಲ ಮುಂದೆ ಪ್ಲಾಸ್ಟಿಕ್ ಕುರ್ಚಿಗಳು ಬಂದಿದ್ದವು. ಶಾಮಿಯಾನದವನು ನೆಡಲು ತಂದ ಕಂಬ ಹಿಡಿದು ನಿಂತಿದ್ದ. ಮಾಸ್ತರರು ಬೈಕಿನಿಂದಿಳಿದು ಧೊಂಡಿಬಾನ ಹೆಗಲಿಗೆ ತಲೆಯಿಟ್ಟು ಮಗುವಿನ ಹಾಗೆ ಅತ್ತರು. ಧೊಂಡಿಬಾ ಅವರ ಬೆನ್ನು ಸವರುತ್ತಾ ಏನನ್ನೋ ಹೇಳಲು ನೋಡುತ್ತಿದ್ದ, ಆ ಅಳು ಬಿಡುತ್ತಿರಲಿಲ್ಲ. ಅಷ್ಟರಲ್ಲಿ ಕುರ್ಚಿಗಳ ನಡುವಿನಿಂದ ಒಂದು ದನಿ ಬಂತು.

"ಶಾಹಿದ, ನೀ ಊಟ ಮಾಡಿದಿಯೇನು?"

ಮಹಮೂದಾ ಬೇಗಂ ನಡುವಿನ ಕುರ್ಚಿಯಲ್ಲಿ ಕೂತಿದ್ದರು. ಆದದ್ದು ಇಷ್ಟು: ಕುರ್ಚಿ ಎಳೆಯುವ ಸದ್ದಿಗೆ ಅವರಿಗೆ ಎಚ್ಚರವಾಗಿತ್ತು. ಹೊರಗೆ ಬಂದು ಇಷ್ಟು ಜನರನ್ನು ಕಂಡು, ಯಾರು ಹೋದರು ಎಂದು ಗಾಬರಿಯಿಂದ ಕೇಳಿದ್ದರು. ಗಲ್ಲಿಗೆ ಗಲ್ಲಿಯೇ ನೆಲ ನೋಡಿತ್ತು. ಕೊನೆಗೆ ಶಾಮಿಯಾನದವನು ಸಂಕೋಚದಿಂದ, "ನೀವೇ ರೀ ಅಮ್ಮಾ," ಅಂದಿದ್ದ. ಅವರು ಸ್ವಲ್ಪ ಹೊತ್ತು ಯೋಚಿಸಿ, ನನಗೆ ಯಾರೂ ಹೇಳಲೇ ಇಲ್ಲವಲ್ಲ ಎಂದು ಕೂತುಬಿಟ್ಟಿದ್ದರು.

ಮಾಸ್ತರರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಿಳಿಯದಿದ್ದಾಗ ಅವರು ಮಾಡುವುದನ್ನೇ ಮಾಡಿದರು: ವ್ಯಾಕರಣ ತೆಗೆದರು. ದಾದಿ ಸ್ತ್ರೀಲಿಂಗ, 'ಹೋದಾ' ಪುಲ್ಲಿಂಗ. ಅಷ್ಟಾದರೂ ಗಮನಿಸಬಾರದಿತ್ತೇ ಎಂದು ಧೊಂಡಿಬಾನನ್ನು ಕೇಳಿದರು.

"ಸತ್ತ ಮನಿ ಮುಂದ ವ್ಯಾಕರಣ ಯಾರು ನೋಡ್ತಾರ್ರಿ, ಮಾಸ್ತರ?" ಎಂದ ಧೊಂಡಿಬಾ.

ಇದು ನಡೆದಿರುವಾಗಲೇ ಭಾಲ್ಕಿಯಿಂದ, ಠಾಣಾ ಕುಶನೂರ ದಾಟಿ, ಒಂಬತ್ತು ಜನರನ್ನು ತುಂಬಿಕೊಂಡ ಕ್ರೂಸರ್ ಜೀಪು ಬಂದು ನಿಂತಿತು. ಮುಂದಿನ ಬಾಗಿಲಿನಿಂದ ಖುರ್ಷೀದ ಬೇಗಂ ಇಳಿದರು. ನಿನ್ನೆ ಆಡಿದ ಮಾತೆಲ್ಲ ಎದೆಗೆ ಚುಚ್ಚಿ, ದಾರಿಯುದ್ದಕ್ಕೂ ಅತ್ತು ಅವರ ಕಣ್ಣು ಊದಿಕೊಂಡಿದ್ದವು. ಎದುರಿಗೆ ಯಾರಿದ್ದಾರೆಂದು ಕಾಣುತ್ತಲೂ ಇರಲಿಲ್ಲ. ಅಂಥ ಬೀಗತಿ ಏಳು ಜನ್ಮ ಹುಡುಕಿದರೂ ಸಿಗುವುದಿಲ್ಲ, ಹಾಲಿನಂಥ ಮನಸ್ಸು, ಸಕ್ಕರೆಯಂಥ ಮಾತು, ಬಿರಿಯಾನಿಯಂತೂ ಜಿಲ್ಲೆಯಲ್ಲಿ ಇನ್ನೊಬ್ಬರ ಕೈಗೆ ಬಂದಿಲ್ಲ ಎಂದು ಹಾಡಿಕೊಂಡು ಅಳುತ್ತಾ ಬಂದರು. ಮಹಮೂದಾ ಬೇಗಂ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಕೇಳಿದರು. ಹದಿಮೂರು ವರ್ಷದ ಬೀಗತನದಲ್ಲಿ ಇದರಲ್ಲಿ ಒಂದು ಮಾತನ್ನೂ ಕೇಳಿದವರಲ್ಲ. ಬಿರಿಯಾನಿಯ ತನಕ ಸುಮ್ಮನಿದ್ದು, ಆಮೇಲೆ ತಾವೇ ಎದ್ದು ಹೋಗಿ ಬೀಗತಿಯ ಕೈ ಹಿಡಿದರು. ಖುರ್ಷೀದ ಬೇಗಂ ಚೀರಿದ ಚೀರಿಗೆ ಶಾಮಿಯಾನದವನ ಕೈಯಿಂದ ಕಂಬ ಬಿತ್ತು.

ಆ ಗದ್ದಲದಲ್ಲಿ ಗುಡಿಯಾ ಎಲ್ಲಿಂದಲೋ ಓಡಿ ಬಂದಳು. ಯಾರ ಹೆಸರಿನ ಮೇಲೆ ಇಷ್ಟೆಲ್ಲ ನಡೆದಿತ್ತೋ ಆ ದಾದಿಯನ್ನು ದಾಟಿ, ನೇರ ನಾನಿಯ ಕಾಲು ತಬ್ಬಿಕೊಂಡು, ಎರಡು ದಿನದ ದುಃಖವನ್ನೆಲ್ಲ ಒಂದೇ ಪದದಲ್ಲಿ ಹೇಳಿದಳು: "ದಾದೀ!"

ಎಲ್ಲರೂ ಗೊಂದಲದಲ್ಲಿ ಬಿದ್ದರು. ಮಹಮೂದಾ ಬೇಗಂ ಅವರ ಮುಖ ಸಪ್ಪಗಾಯಿತು. ಅವಳು ದಾದಿಯಾದರೆ ನಾನು ಯಾರು ಎಂದು ಮಗನನ್ನು ಕೇಳಿದರು. ಜೇಬಾ ಮಗಳನ್ನು ಎತ್ತಿಕೊಂಡು ಒಂದೊಂದೇ ಹೇಳಿಸಿದಳು. ದಾದಿ ಅನ್ನು ಎಂದರೆ ದಾದಿ. ನಾನಿ ಅನ್ನು ಎಂದರೂ ದಾದಿ. ಅಮ್ಮಿ ಎಂದರೆ ಅಬ್ಬಿ. ಮಾಮಾ ಎಂದರೆ ಬಾಬಾ. ಇಪ್ಪತ್ನಾಲ್ಕು ವರ್ಷದ, ವಾರದಲ್ಲಿ ನಿಶ್ಚಿತಾರ್ಥವಿರುವ ಮಕ್ಬೂಲ, ತನ್ನನ್ನು ಮುದುಕನೆಂದು ಕರೆಯುತ್ತಾಳೆಂದು ಇಷ್ಟು ದಿನ ಒಳಗೊಳಗೇ ನೊಂದುಕೊಂಡಿದ್ದನಂತೆ. ಈಗ ಬಾಯಿ ಬಿಟ್ಟ.

ಜೇಬಾ ಗಂಡನ ಕಡೆ ತಿರುಗಿದಳು.

"ಮೂಗು ಹಿಡಕೊಂಡು ನಾನಿ ಅನ್ರಿ ನೋಡಮು."

ಮಾಸ್ತರರು ಎರಡು ಬೆರಳಲ್ಲಿ ಮೂಗು ಒತ್ತಿ ಹಿಡಿದು ಹೇಳಿದರು. ಹೊರಬಂದದ್ದು 'ದಾದಿ'. ಇನ್ನೊಮ್ಮೆ ಹೇಳಿದರು. ಮತ್ತೆ ದಾದಿ. ಧೊಂಡಿಬಾ ಹೇಳಿ ನೋಡಿದ, ಮಕ್ಬೂಲ ಹೇಳಿ ನೋಡಿದ. ಐದು ನಿಮಿಷದಲ್ಲಿ, ಅಳಲು ಬಂದ ಜನವೆಲ್ಲ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಮೂಗು ಹಿಡಿದು ಕೂತು ದಾದಿ ದಾದಿ ಎನ್ನುತ್ತಿತ್ತು.

ಮಾಸ್ತರರು ಮಾತ್ರ ಮೂಗಿನ ಮೇಲಿನ ಬೆರಳನ್ನು ತೆಗೆಯುವುದನ್ನೇ ಮರೆತಿದ್ದರು. ನ, ಮ. ಅನುನಾಸಿಕಗಳು. ಮೂಗಿನ ಸಹಾಯದಿಂದ ಹುಟ್ಟುವ ಅಕ್ಷರಗಳಿಗೆ ಅನುನಾಸಿಕ ಎನ್ನುತ್ತಾರೆ ಎಂದು ಅವರು ಹದಿನಾಲ್ಕು ವರ್ಷದಿಂದ ಪ್ರತಿ ಜೂನಿನಲ್ಲಿ ಬೋರ್ಡಿನ ಮೇಲೆ ಬರೆದಿದ್ದರು. ಎರಡು ಅಂಕದ ಪ್ರಶ್ನೆ. ಮಗಳು ಮೂರು ದಿನ ಕನ್ನಡಿಯ ಮುಂದೆ ಕೂತು ಅದೇ ಉತ್ತರವನ್ನು ಹೇಳಿದ್ದಳು. ಅವರು ಸೊನ್ನೆ ಕೊಟ್ಟಿದ್ದರು.

ಜನ ಚೆದುರಿದ ಮೇಲೆ ಮಹಮೂದಾ ಬೇಗಂ ಮಗನನ್ನು ಒಳಗೆ ಕರೆದು ಕೂಡಿಸಿಕೊಂಡರು. ಅವರ ದನಿಯಲ್ಲಿ ನಗೆ ಇರಲಿಲ್ಲ. ಮಲಗಿದ ಕೂಸು ಗೊರಕೆ ಹೊಡೆಯುತ್ತಾ ಹೊಡೆಯುತ್ತಾ ನಡುವೆ ಉಸಿರನ್ನೇ ನಿಲ್ಲಿಸುತ್ತದೆ, ಎದೆ ಏಳುತ್ತದೆ ಆದರೆ ಗಾಳಿ ಹೋಗುವುದಿಲ್ಲ, ನಾನು ಬೆರಳು ಮಡಚಿ ಎಣಿಸುತ್ತಾ ಕೂತಿದ್ದೆ, ಒಮ್ಮೆಯಂತೂ ಹತ್ತು ಬೆರಳೂ ಮುಗಿದವು, ಆಗ ಹೊರಳಾಡಿ ಉಸಿರು ಎಳೆಯಿತು ಎಂದರು. ಅದಕ್ಕೇ ರಾತ್ರಿಯೆಲ್ಲ ನಿದ್ದೆಯಿಲ್ಲ.

"ನೀ ನಾಲಿಗಿ ತಿದ್ದಲತ್ತಿದಿ, ಬೇಟಾ. ಆ ಕೂಸಿಗಿ ಉಸಿರೇ ಸಾಲವಲ್ದು."

ಶಾಹಿದ ಮಾಸ್ತರರಿಗೆ ಎಂಟಕ್ಕೆ 'ಹಾ' ಎಂದು ಬಾಯಿ ತೆರೆದ ಮುಖ ಕಣ್ಣ ಮುಂದೆ ಬಂತು. ಆ ದಿನ ಅವರು ತಾಯಿಯ ಮನೆಯಲ್ಲಿ ಬಡಿಸಿದ್ದನ್ನೆಲ್ಲ ಉಂಡು ಎದ್ದರು.

ಮರುದಿನ ಬೀದರಿನಲ್ಲಿ ಕಿವಿ ಮೂಗು ಗಂಟಲಿನ ಡಾಕ್ಟರ್ ಉಮಾಶ್ರೀ ಅವರ ಮುಂದೆ ಗಂಡ ಹೆಂಡತಿ ಮಗಳನ್ನು ಕೂಡಿಸಿಕೊಂಡು ಕೂತರು. ಡಾಕ್ಟರು ಗಂಟಲಿಗೆ ಬ್ಯಾಟರಿ ಹಿಡಿದು, ಕಿವಿ ನೋಡಿ, ಎಕ್ಸ್‌ರೇ ತೆಗೆಸಿ, ಅದನ್ನು ಬೆಳಕಿಗೆ ಹಿಡಿದು ತೋರಿಸಿದರು. ಗಂಟಲಿನ ಎರಡೂ ಬದಿಗೆ ಟಾನ್ಸಿಲ್, ಬಾರಿಹಣ್ಣಿನಷ್ಟು ದಪ್ಪವಾಗಿ ಒಂದಕ್ಕೊಂದು ತಾಗುವಂತಿವೆ. ಮೂಗಿನ ಹಿಂದೆ, ಅದು ಗಂಟಲಿಗೆ ಕೂಡುವಲ್ಲಿ ಅಡೆನಾಯ್ಡ್ ಎಂಬ ಮಾಂಸದ ಗಂಟು. ಅದು ಮಕ್ಕಳಿಗೆಲ್ಲ ಇರುತ್ತದೆ, ಇವಳಿಗೆ ಬೆಳೆದು ದಾರಿಯನ್ನೇ ಮುಚ್ಚಿದೆ. ಕಿವಿಗೆ ಹೋಗುವ ನಳಿಗೆಯೂ ಅಲ್ಲೇ ಇರುವುದರಿಂದ ಕಿವಿಯ ಪರದೆಯ ಹಿಂದೆ ನೀರು ನಿಂತಿದೆ. ನೀರಲ್ಲಿ ಮುಳುಗಿದವರಿಗೆ ದಂಡೆಯ ಮೇಲಿನವರ ಮಾತು ಕೇಳಿಸಿದ ಹಾಗೆ ಇವಳಿಗೆ ನಿಮ್ಮ ಮಾತು ಕೇಳಿಸುತ್ತದೆ ಎಂದರು. ಹಾಗಾದರೆ ಹಟವಲ್ಲವೇ ಎಂದು ಮಾಸ್ತರರು ಸಣ್ಣ ದನಿಯಲ್ಲಿ ಕೇಳಿದರು. ಡಾಕ್ಟರು ಅಲ್ಲವೆಂದರು. ಎಷ್ಟೋ ಮಕ್ಕಳಿಗೆ ಬೆಳೆಯುತ್ತಾ ಇದು ತಾನಾಗಿ ಕುಗ್ಗುತ್ತದೆ, ಎಲ್ಲರಿಗೂ ಆಪರೇಷನ್ ಬೇಕಿಲ್ಲ. ಆದರೆ ನಿದ್ದೆಯಲ್ಲಿ ಉಸಿರು ಕಟ್ಟುವುದು ಸಣ್ಣ ಮಾತಲ್ಲ, ಕೆಲವು ವಾರ ಔಷಧಿ ಕೊಟ್ಟು ನೋಡೋಣ, ತಗ್ಗದಿದ್ದರೆ ತೆಗೆದುಬಿಡೋಣ ಎಂದು ಹೇಳಿ, ಚೀಟಿ ಬರೆಯುತ್ತಾ ಸಹಜವಾಗಿ ಕೇಳಿದರು.

"ಮಾತು ಮೂಗಿನ್ಯಾಗ ಕಟ್ಟಿದಂಗ ಬರ್ತದಂತ ಮನ್ಯಾಗ ಯಾರಿಗೂ ಗೊತ್ತಾಗಲಿಲ್ಲೇನ್ರಿ? ನೀವು ಏನು ಕೆಲಸ ಮಾಡ್ತೀರಿ?"

"ಸರಕಾರಿ ನೌಕರಿ," ಎಂದು ಹೇಳಿ ಮಾಸ್ತರರು ಮೇಲೆ ತಿರುಗುವ ಫ್ಯಾನು ನೋಡಿದರು.

ಔಷಧಿಯಿಂದ ಪೂರ್ತಿ ತಗ್ಗಲಿಲ್ಲ. ಡಿಸೆಂಬರಿನಲ್ಲಿ ಆಪರೇಷನ್ ಆಯಿತು. ಬಾಗಿಲ ಹೊರಗಿನ ಬೆಂಚಿನ ಮೇಲೆ ಇಬ್ಬರು ಅಜ್ಜಿಯರು ಒಂದೇ ಶಾಲು ಹೊದ್ದು, ಎರಡು ಜಪಮಾಲೆ ಹಿಡಿದು ಕೂತಿದ್ದರು. ಮನೆಗೆ ಬಂದ ಮೇಲೆ ಮೊದಲ ಕೆಲವು ದಿನ ಗುಡಿಯಾ ನೋವಿಗೆ ಮಾತೇ ಆಡದೆ ಐಸ್‌ಕ್ರೀಮು, ಗಂಜಿ ಎಂದು ಕಳೆದಳು. ಮಲಗಿದರೆ ಬಾಯಿ ಮುಚ್ಚಿರುತ್ತಿತ್ತು. ಮನೆ ಎಷ್ಟು ಸದ್ದಿಲ್ಲದಾಯಿತೆಂದರೆ ಗಂಡ ಹೆಂಡತಿ ಸರದಿಯ ಮೇಲೆ ಅವಳ ಮೂಗಿನ ಕೆಳಗೆ ಬೆರಳಿಟ್ಟು ನೋಡಿ ಬರುತ್ತಿದ್ದರು. ಬೆರಳಿಗೆ ಬೆಚ್ಚಗೆ ತಾಗುತ್ತಿತ್ತು.

ಮೂರನೆಯ ವಾರ, ಎಲ್ಲರಂತೆ ಊಟ ಮಾಡಬಹುದೆಂದು ಡಾಕ್ಟರು ಹೇಳಿದ ದಿನ, ಮಾಸ್ತರರು ಪೇಟೆಗೆ ಹೋಗಿ ಒಂದು ಗಡಿಗೆ ತುಂಬ ಗಟ್ಟಿ ಮೊಸರು ತಂದರು. ಮಗಳಿಗೆ ಮೊಸರೆಂದರೆ ಪ್ರಾಣ. ನಾಲ್ಕು ವರ್ಷದವಳಿದ್ದಾಗಿನಿಂದ, ಊಟದ ಕೊನೆಗೆ ಮೊಸರು ಬೇಕೇನೆಂದು ಕೇಳಿದರೆ ಸಾಕು, ಆಸೆಗೆ ತಲೆ ಜೋರಾಗಿ ಅಲ್ಲಾಡಿಸುತ್ತಾ "ದೈ, ದೈ" ಅನ್ನುತ್ತಿದ್ದಳು. ಇವರ ಮನೆಮಾತಿನಲ್ಲಿ ಮೊಸರಿಗೆ ದೈ. ಈ ಎರಡು ವರ್ಷದಲ್ಲಿ ಅವಳಿಗೆ ಹಾಕಿದ ಮೊಸರಿಗೆ ಲೆಕ್ಕವಿಲ್ಲ.

ಇಬ್ಬರು ಅಜ್ಜಿಯರ ನಡುವೆ ಮಗಳನ್ನು ಕೂಡಿಸಿ ಮಾಸ್ತರರು ತಾವೇ ಬಟ್ಟಲು ತುಂಬಿ ಮುಂದಿಟ್ಟರು.

"ನೈ," ಎಂದಳು ಗುಡಿಯಾ.

ಮಾಸ್ತರರ ಮುಖ ಅರಳಿತು. ಬಂದೇಬಂತು 'ನ'ಕಾರ! ಆದರೆ ಬರಬಾರದ ಜಾಗದಲ್ಲಿ ಬಂದಿದೆ. ಹೊಸದಾಗಿ ಸಿಕ್ಕ ಅಕ್ಷರ, ಮಕ್ಕಳು ಕಂಡಲ್ಲೆಲ್ಲ ಹಚ್ಚುತ್ತಾರೆ. ಅವರು ಪ್ರೀತಿಯಿಂದ ತಿದ್ದಿದರು: "ನೈ ಅಲ್ಲ ಬೇಟಾ, ದೈ."

ಗುಡಿಯಾ ಬಟ್ಟಲನ್ನು ಎರಡು ಕೈಯಿಂದ ತಂದೆಯ ಕಡೆ ಸರಿಸಿದಳು.

"ದೈ ಅಲ್ಲ ಅಬ್ಬಾ, ನೈ, ಬ್ಯಾಡ. ನನಗ ಮೊಸರು ಸೇರಂಗಿಲ್ಲ. ನಾ ದಿನಾ ನೈ, ನೈ ಅಂತಿದ್ದೆ. ನೀವು ದಿನಾ ಹಾಕ್ತಿದ್ರಿ."

ಗಡಿಗೆಯ ಮೊಸರನ್ನು ಶಾಹಿದ ಮಾಸ್ತರರು ಮೂರು ದಿನ ಒಬ್ಬರೇ ಉಂಡು ಮುಗಿಸಿದರು. ಇನ್ನೂ ಬೇಕೇನ್ರೀ ಎಂದು ಜೇಬಾ ಕೇಳಿದಾಗಲೆಲ್ಲ ಅವರು ಬಾಯಿ ತೆರೆಯದೆ, ಬರೀ ತಲೆ ಅಲ್ಲಾಡಿಸಿದರು. ಅವಳು ಮತ್ತೊಂದು ಸೌಟು ಹಾಕಿದಳು.